ಖಾಲಿ ಕೊಕ್ಕೆ

ಭೋಂ... ನಾನು ಚಿಕ್ಕವಳಿದ್ದಾಗ ನಮ್ಮ ಗಡಿಯಾರ ಎಂದರೆ ಆ ಸೈರನ್ನೇ ಮಕ್ಕಳೇ. ದಿನವೂ ಹೊತ್ತಿಗೆ ಸರಿಯಾಗಿ ಕೂಗಿದರೆ ಶಿಫ್ಟ್ ಬದಲಾಯಿತು ಎಂದರ್ಥ. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಕಾಲೊನಿಯ ಹೆಂಗಸರು ಒಲೆ ಕೂಡ ಆರಿಸದೆ ಗಣಿಯ ಕಡೆ ಓಡುತ್ತಿದ್ದರು.

ಮೈಸೂರಿನಿಂದ ಅಷ್ಟು ದೂರ, ಬಿಹಾರದ ಕಲ್ಲಿದ್ದಲು ಗಣಿಯಲ್ಲಿ ಅಪ್ಪ ಸರ್ವೇಯರ್ ಆಗಿದ್ದರು. ನಮ್ಮ ಕಾನ್ವೆಂಟಿನ ಬಿಳಿ ಯೂನಿಫಾರ್ಮು ಸಂಜೆಯೊಳಗೆ ಬೂದಿ ಬಣ್ಣವಾಗುತ್ತಿತ್ತು. ಮೊಸರನ್ನದಲ್ಲೂ ಕಲ್ಲಿದ್ದಲ ಪುಡಿ ಹಲ್ಲಿಗೆ ಕರಕರ ಸಿಗುತ್ತಿತ್ತು.

ಗಣಿಗೆ ಇಳಿಯುವವರು ಗೇಟಿನ ಬಳಿಯ ಬೋರ್ಡಿನ ಕೊಕ್ಕೆಯಿಂದ ತಮ್ಮ ನಂಬರಿನ ಹಿತ್ತಾಳೆ ಟೋಕನ್ ತೆಗೆದುಕೊಂಡು ಹೋಗಬೇಕು. ಮೇಲೆ ಬಂದ ಕೂಡಲೇ ಅಲ್ಲೇ ನೇತುಹಾಕಬೇಕು. ಕೊಕ್ಕೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಭೂಮಿಯ ಕೆಳಗಿದ್ದಾನೆ, ಅಷ್ಟೇ ಲೆಕ್ಕ. ಆ ಬೋರ್ಡನ್ನು ನೋಡಿಕೊಳ್ಳುತ್ತಿದ್ದವರು ಕೋಲಾರದ ಕಡೆಯವರು. ಇಳಿಯುವವರಿಗೆ ದೀಪ ಕೊಡುವವರೂ ಅವರೇ, ಹಾಗಾಗಿ ನಮಗೆ ದೀಪದ ಮಾಮ.

ಒಂದು ದಿನ ಅಪ್ಪ ಜ್ವರ ಬಂದು ಶಿಫ್ಟಿನ ಅರ್ಧಕ್ಕೇ ಮೇಲೆ ಬಂದರು. ಮಾಮ ಊಟಕ್ಕೆ ಹೋಗಿದ್ದರು, ಅಪ್ಪನ ಸುಸ್ತಿನಲ್ಲಿ ಟೋಕನ್ ಜೇಬಿನಲ್ಲೇ ಉಳಿಯಿತು. ಷರ್ಟು ಬದಲಿಸಿ, ಅಮ್ಮನ ಜೊತೆ ಬಸ್ಸು ಹತ್ತಿ ಪೇಟೆಯ ಡಾಕ್ಟರ ಹತ್ತಿರ ಹೋದರು. ಒಗೆಯಲು ಹಾಕಿದ ಷರ್ಟಿನಿಂದ ನಾನು ಟೋಕನ್ ಎಗರಿಸಿದೆ. ಕುಂಟೆಬಿಲ್ಲೆ ಆಡಲು ಎಷ್ಟು ಚೆನ್ನಾಗಿ ಜಾರುತ್ತಿತ್ತು ಗೊತ್ತಾ!

"ಅದು ಅಪ್ಪಂದು ಕಣೇ, ಒಳಗಿಡು," ಅಂದಳು ಅಕ್ಕ.

"ನೀನು ಸೋಲ್ತಿದ್ದೀಯಲ್ಲ, ಅದಕ್ಕೇ ಹೇಳ್ತಿದ್ದೀಯ," ಅಂದೆ.

ಆಗಲೇ ಸೈರನ್ ಕೂಗಿದ್ದು.

ನಾವಿಬ್ಬರೂ ಓಡಿದೆವು, ಜನರ ಗುಂಪಿನಲ್ಲಿ ಅಕ್ಕ ಹಿಂದೆ ಉಳಿದಳು. ಕೆಳಗೆಲ್ಲೋ ಚಾವಣಿಯ ಕಲ್ಲು ಕುಸಿದಿತ್ತು. ಕಪ್ಪು ಮುಖಗಳು ಒಂದೊಂದೇ ಮೇಲೆ ಬಂದವು, ಟೋಕನ್‌ಗಳು ಟಿಣ್ ಟಿಣ್ ಎಂದು ಕೊಕ್ಕೆ ಸೇರಿದವು. ಕೊನೆಗೆ ಒಂದೇ ಕೊಕ್ಕೆ ಖಾಲಿ. ಅಪ್ಪನದು.

ನನ್ನ ಮುಷ್ಟಿಯೊಳಗೆ ಟೋಕನ್ ಬೆವರುತ್ತಿತ್ತು. ಹೇಳಬೇಕು. ಹೇಳಿದರೆ ಎಲ್ಲರೆದುರು ಬೈತಾರೆ. ಮುಷ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಮಾಮ ದೀಪ ಹಿಡಿದು ಲಿಫ್ಟಿನ ಪಂಜರದೊಳಗೆ ಹೆಜ್ಜೆ ಇಟ್ಟು ನನ್ನ ಕಡೆ ನೋಡಿದರು. "ಅಳಬೇಡ ಮರಿ, ನಿಮ್ಮಪ್ಪನ್ನ ಕಿವಿ ಹಿಡ್ಕೊಂಡೇ ಕರ್ಕೊಂಡ್ ಬರ್ತೀನಿ."

ಪಂಜರ ಇಳಿದುಹೋಯಿತು. ಆಮೇಲೆ ನನ್ನ ಮುಷ್ಟಿ ಬಿಚ್ಚಿತು. ಗುಂಪು ದಾಟಿ ಬಂದ ಅಕ್ಕ ಅದನ್ನು ನೋಡಿ ಚೀರಿದಳು, "ಅಯ್ಯೋ, ಅಪ್ಪ ಡಾಕ್ಟರ ಹತ್ರ ಹೋಗಿದಾರೆ! ಕೆಳಗಿಲ್ಲ!"

ಯಾರೋ ಓಡಿ ವಾಪಸ್ ಬರುವ ಗಂಟೆ ಹೊಡೆದರು. ಹಗ್ಗ ಅಲುಗಲಿಲ್ಲ. ಸಿಸ್ಟರ್ ಕಲಿಸಿದ ಪ್ರೇಯರ್ ಹೇಳಿದೆ, ಅಮ್ಮ ಕಲಿಸಿದ ಶ್ಲೋಕ ಹೇಳಿದೆ, ಎರಡೂ ಮುಗಿದು ಮತ್ತೆ ಮೊದಲಿಂದ ಹೇಳಿದೆ. ಎಷ್ಟೋ ಹೊತ್ತಿನ ಮೇಲೆ ಹಗ್ಗ ನಡುಗಿತು.

ಮಾಮ ಕೆಮ್ಮುತ್ತಾ ಹೊರಗೆ ಬಂದರು. ನನ್ನ ಕೈಯಿಂದ ಟೋಕನ್ ತೆಗೆದುಕೊಂಡು ಅಪ್ಪನ ಕೊಕ್ಕೆಗೆ ಹಾಕಿದರು. "ಇದು ಆಟದ ಸಾಮಾನಲ್ಲ ತಾಯೀ," ಅಂದರು. ಅಷ್ಟೇ. ಬೈದುಬಿಟ್ಟಿದ್ದರೆ ಇಷ್ಟು ವರ್ಷ ಚುಚ್ಚುತ್ತಿರಲಿಲ್ಲ.

ಮೊನ್ನೆ ಶನಿವಾರ ನಿಮ್ಮ ಅಪ್ಪ ಅಮ್ಮ ನಮ್ಮನ್ನೆಲ್ಲ ಸ್ಯಾನ್ ಹೊಸೆಯಿಂದ ಆ್ಯಂಟಿಯಾಕ್ ಕಡೆಯ ಬೆಟ್ಟಕ್ಕೆ ಕರೆದುಕೊಂಡು ಹೋದರಲ್ಲ, ಅದೂ ಹಳೇ ಕಲ್ಲಿದ್ದಲು ಗಣಿಯೇ. ಈಗ ಹಳದಿ ಹೂವು, ನಡೆದಾಡುವ ಟ್ರೇಲು, ಪಿಕ್‌ನಿಕ್ ಟೇಬಲ್ಲು. ಪುಟ್ಟಾ, ನೀನು ಕಾಣಲಿಲ್ಲ. ನಿಮ್ಮಮ್ಮ ಫೋನು ನೋಡಿ, "ರಿಲ್ಯಾಕ್ಸ್ ಅಮ್ಮ, ಅವನ ಲೊಕೇಶನ್ನು ಕಾರಿನ ಹತ್ರಾನೇ ಇದೆ," ಅಂದಳು. ಕಾರಿನಲ್ಲಿ ಇದ್ದದ್ದು ಬರೀ ನಿನ್ನ ಫೋನು! ಓಕ್ ಮರದ ಹಿಂದಿನಿಂದ ನೀನು, "ಅಜ್ಜಿ, ಐ ವಾಸ್ ರೈಟ್ ಹಿಯರ್!" ಅಂದೆ. ನಿನ್ನ ಕೈ ಕೆಂಪಾಗುವಷ್ಟು ಯಾಕೆ ಹಿಡಿದೆ ಎಂದು ಈಗ ಗೊತ್ತಾಯಿತಲ್ಲ?

ನಮ್ಮ ಗಣಿಯೂ ಮುಚ್ಚಿತು. ನೆಲದೊಳಗೆ ಬೆಂಕಿ ಹೊಗೆಯಾಡತೊಡಗಿ ಕಾಲೊನಿ ಖಾಲಿಯಾಯಿತು. ನೀನೇ ಮ್ಯಾಪಿನಲ್ಲಿ ತೋರಿಸಿದೆಯಲ್ಲ, ಈಗ ಅಲ್ಲೊಂದು ಹಸಿರು ಕೆರೆ, ಸುತ್ತ ಸಸಿಗಳ ಸಾಲು. ನಿಮಗೆ ಬೆಟ್ಟವೆಂದರೆ ಹೈಕಿಂಗು. ನನಗೆ ಈಗಲೂ ಅದರ ಹೊಟ್ಟೆಯೊಳಗೆ ಯಾರಾದರೂ ಉಳಿದಿದ್ದಾರಾ ಎಂಬ ದಿಗಿಲು.

ಊರು ಬಿಟ್ಟ ದಿನ ನಮ್ಮ ಲಾರಿ ಗಣಿಯ ಗೇಟು ದಾಟುವಾಗ ದೀಪದ ಮಾಮ ಬೋರ್ಡಿನ ಮುಂದೆ ಒಬ್ಬರೇ ನಿಂತಿದ್ದರು. ಒಂದು ಕೊಕ್ಕೆಯೂ ಖಾಲಿ ಇರಲಿಲ್ಲ. ಆದರೂ ಅವರು ಒಂದೊಂದೇ ಟೋಕನ್ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅಪ್ಪನದರ ಹತ್ತಿರ ಬಂದಾಗ ತಿರುಗಿ ನನ್ನನ್ನು ಕಂಡು, ತಮ್ಮ ಕಿವಿ ಹಿಡಿದು ತೋರಿಸಿ ನಕ್ಕರು.