ಅದು ನನ್ನ ಚಟ್ನಿ

ಮೇಷ್ಟರ ಮಗಳು ನೀಲಾ ಸಾವಿನ ಬಾಯಿಗೆ ಹೋಗಿ ಬಂದದ್ದು ಶಾಂತಿ ಕರಿದ ತಿಂಡಿಯಿಂದಲ್ಲ, ನಾನು ರುಬ್ಬಿದ ಚಟ್ನಿಯಿಂದ. ಅದು ನನಗೆ ಅವತ್ತೇ ಗೊತ್ತಿತ್ತು. ಇಷ್ಟು ಕಾಲ ಬಾಯಿ ಬಿಡಲಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಎದುರು ನಮ್ಮದೊಂದು ಚಿಕ್ಕ ಹೋಟೆಲು. ಗಲ್ಲಾದಲ್ಲಿ ನನ್ನ ಗಂಡ, ಒಲೆಯ ಮುಂದೆ ನಾನು. ಶಾಂತಿ ಹಿಂದಿನ ಬೀದಿಯವಳು — ದೇಶ ಇಬ್ಭಾಗವಾದಾಗ ಪಂಜಾಬಿನಿಂದ ಎಲ್ಲ ಬಿಟ್ಟು ಬಂದವಳು. ಗಂಡ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್. ಕನ್ನಡವನ್ನು ಮಾತ್ರ ನಮ್ಮೂರಿನವರ ಹಾಗೆಯೇ ಆಡುತ್ತಿದ್ದಳು.

ಸಂಜೆ ಹೊತ್ತು ನಮ್ಮಲ್ಲಿ ತಿಂಡಿ ಕರಿಯಲು ಬರುತ್ತಿದ್ದಳು. ಹಾಲಿಗೆ ನಿಂಬೆರಸ ಹಿಂಡಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ, ಆ ಗಟ್ಟಿಯನ್ನು ತುಂಡು ಮಾಡಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುವಳು. ಪನೀರ್ ಅನ್ನುವಳು. ಹೂಕೋಸನ್ನೂ ಹಾಗೆಯೇ, ಓಂಕಾಳು ಹಾಕಿ. ಒಳ್ಳೆಯ ಹಾಲನ್ನು ಬೇಕೆಂದೇ ಒಡೆಸುವುದನ್ನು ಮೊದಲ ಸಲ ನೋಡಿದಾಗ ನನ್ನ ಎದೆ ಧಸಕ್ಕೆಂದಿತ್ತು. ಅವಳ ಸೀಮೆಯಲ್ಲಿ ಅದಕ್ಕೆ ಒಣಮಾವಿನ ಪುಡಿ ಉದುರಿಸಿಕೊಂಡು ತಿನ್ನುತ್ತಾರಂತೆ. ನಮ್ಮ ಜನಕ್ಕೆ ಕಾಯಿಚಟ್ನಿಯಿಲ್ಲದೆ ಆಗದು. ಅದನ್ನು ನಾನೇ ರುಬ್ಬುತ್ತಿದ್ದೆ.

ಅರಕಲಗೂಡಿನ ಬಸ್ಸಿನವರು ಇಳಿದು ತಿಂದು ಹೋಗುತ್ತಿದ್ದರು. ಅವಳ ಹೆಸರು ಹಿಡಿದು ಕೇಳುತ್ತಿದ್ದರು — ನನ್ನದನ್ನಲ್ಲ. ಹೊಟ್ಟೆಕಿಚ್ಚು ಇರಲಿಲ್ಲವೆಂದರೆ ಅದು ಇನ್ನೊಂದು ಸುಳ್ಳಾದೀತು.

ಬೇಸಿಗೆಯ ಒಂದು ದಿನ. ಹಿಂದಿನ ದಿನದ ಚಟ್ನಿ ಉಳಿದಿತ್ತು. ಮೂಸಿದೆ — ಹಳಸಿದ ವಾಸನೆ. ಚೆಲ್ಲಲು ಮನಸ್ಸು ಬರಲಿಲ್ಲ. ಹೊಸದರ ಜೊತೆ ಕಲಸಿ, ಮೇಲೆ ಒಗ್ಗರಣೆ ಸುರಿದೆ.

ತಿಂದ ನಾಲ್ಕಾರು ಮಂದಿಗೆ ವಾಂತಿ. ನೀಲಾ ಇನ್ನೂ ಸಣ್ಣ ಮಗು, ಕಣ್ಣು ಮೇಲೆ ಮಾಡಿದಳಂತೆ. ಹಾಸನದ ಆಸ್ಪತ್ರೆಗೆ ಹೊತ್ತೊಯ್ದರು. ಬೆಳಿಗ್ಗೆ ಹೋಟೆಲಿನ ಮುಂದೆ ಜನ. ಮೇಷ್ಟರ ತಮ್ಮ ನನ್ನನ್ನೇ ಕೇಳಿದ: "ಏನ್ ಆಕಿದ್ರಮ್ಮ ಅದಕ್ಕೆ?"

ಶಾಂತಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ನಾನು ಹೇಳಿದೆ:

"ಅವ್ಳು ಹಾಲು ಒಡ್ಸಿ ಮಾಡ್ತಾಳೆ ಕಣಣ್ಣ. ಅದ್ರಲ್ಲಿ ಏನಾಗಿತ್ತೋ, ನಂಗೇನ್ ಗೊತ್ತು."

ಅಷ್ಟೇ. ಅಷ್ಟು ಸಾಕಾಯಿತು. ಅವಳನ್ನು ಯಾರೂ ಬಯ್ಯಲಿಲ್ಲ, ಹೊಡೆಯಲಿಲ್ಲ. ಅವಳು ನೀರಿಗೆ ಬಂದರೆ ಹೆಂಗಸರು ತಮ್ಮ ಬಿಂದಿಗೆ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಗಿರಣಿಯಲ್ಲಿ ಗಂಡನಿಗೆ ಬೇರೆ ಕಡೆ ಕೆಲಸ ನೋಡಿಕೋ ಎಂದರು. ಆ ತಿಂಗಳೇ ಊರು ಬಿಟ್ಟರು. ನೀಲಾ ಹುಷಾರಾಗಿ ಮನೆಗೆ ಬಂದದ್ದು ಆಮೇಲೆ.

ಕೆಲವು ವರ್ಷ ಕಳೆದು ಹಾಸನದ ಛತ್ರವೊಂದರಲ್ಲಿ ಮದುವೆಗೆ ಹೋಗಿದ್ದೆ. ಹಿತ್ತಿಲಲ್ಲಿ ಕೈತೊಳೆಯಲು ಹೋದರೆ ಪಾತ್ರೆಯ ರಾಶಿಯ ಮುಂದೆ ಶಾಂತಿ. ಕೂದಲೆಲ್ಲ ನೆರೆತಿತ್ತು. ಗಂಡ ತೀರಿಕೊಂಡಿದ್ದ. ಬೂದಿಗೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಬಯ್ಯುತ್ತಾಳೆಂದುಕೊಂಡೆ.

"ಅಕ್ಕ, ಆ ಕೂಸು ಉಳ್ಕಂತಾ?" ಎಂದಳು.

ಉಳಿಯಿತು, ಈಗ ಸ್ಕೂಲಿಗೆ ಹೋಗುತ್ತಾಳೆ ಎಂದೆ. ಇಷ್ಟು ವರ್ಷ ಅವಳಿಗೆ ಅದೂ ತಿಳಿದಿರಲಿಲ್ಲ. ಅಲ್ಲೇ ಕುಸಿದು ಕುಳಿತು ಅತ್ತಳು.

"ಅವತ್ತಿಂದ ಯಾರಿಗೂ ಅಡುಗೆ ಮಾಡಿಕ್ಕಿಲ್ಲ ಕಣಕ್ಕ. ನನ್ ಕೈ ಮ್ಯಾಲೇ ನಂಗೆ ಭಯ."

ಹೇಳಬಹುದಿತ್ತು. ಸುತ್ತ ಯಾರೂ ಇರಲಿಲ್ಲ. ಬಾಯಿ ತೆರೆದದ್ದೂ ನಿಜ — ಅಷ್ಟರಲ್ಲಿ ಎಲೆ ಹಾಕಿದ್ದಾರೆಂದು ಒಳಗಿನಿಂದ ಕರೆದರು. ಹೋಗಿ ಪಂಕ್ತಿಯಲ್ಲಿ ಕುಳಿತೆ. ಊಟ ಮಾಡಿದೆ.

ಶಾಂತಿ ತೀರಿಹೋಗಿ ಬಹಳ ಕಾಲವಾಯಿತಂತೆ. ತನ್ನ ಕೈಯೇ ತಪ್ಪು ಮಾಡಿತೆಂದು ನಂಬಿಕೊಂಡೇ ಹೋದಳು. ನಾನು ನಂಬಲು ಬಿಟ್ಟೆ.