ಸೋಮವಾರ ಮಾತ್ರ ನಡುಗುವ ಕೈ

ಅದನ್ನೇ ಹೇಳುತ್ತಿದ್ದೆ, ಹಿಲ್ಯಾ ಅಜ್ಜಿಯ ಕೈ ನಡುಗುತ್ತಿದ್ದದ್ದು ಕಾರು ಓಡಿಸುವಾಗ ಮಾತ್ರ, ಅದೂ ಸೋಮವಾರ ಮಾತ್ರ, ಅದೂ ಕಾರು ಎಪ್ಪತ್ತರ ವೇಗ ದಾಟಿದ ಮೇಲೆ ಮಾತ್ರ. ಅರವತ್ತರಲ್ಲಿ ಆ ಕೈ ಬಂಡೆ. ಎಂಬತ್ತಕ್ಕೆ ಬಂತೋ, ಮಜ್ಜಿಗೆ ಕಡೆಯುವ ಕೈ. ಇಂಥ ಕಾಯಿಲೆ ಲೋಕದಲ್ಲಿ ಇದೆಯೇ ಎಂದು ನೀವು ಕೇಳುತ್ತೀರಿ. ನಮ್ಮೂರಲ್ಲಿ ಯಾರೂ ಕೇಳಲಿಲ್ಲ. ಕಾಯಿಲೆ ಅವಳದು, ಕೇಳುವುದಕ್ಕೆ ನಾವು ಯಾರು?

ನಾನು ಅವಳ ಅಭಿಮಾನಿ, ಮೊದಲೇ ಹೇಳಿಬಿಡುತ್ತೇನೆ. ಹಿಮ ಸುರಿಯುವ ಉತ್ತರದ ನಾಡಿನ ನಮ್ಮ ಕುಹ್ಮೊ ಪೇಟೆಯ ಈಜುಕೊಳದಲ್ಲಿ ಟಿಕೆಟ್ ಕೊಡುವ ಕೆಲಸ ನನ್ನದು. ನನಗೆ ಕಾರಿಲ್ಲ, ಓಡಿಸಲೂ ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಅಜ್ಜಿಯ ಕೆಂಪು ಕಾರಿನ ಹಿಂದಿನ ಸೀಟೇ ನನ್ನ ಬಸ್ಸು. ನನ್ನ ಪಕ್ಕದಲ್ಲಿ ಸೈಮಿ ಇರುತ್ತಾಳೆ, ಅಜ್ಜಿಯ ಗೆಳತಿ. ಅವರಿಬ್ಬರೂ ಸೋಮವಾರದ ನೀರಿನ ಕಸರತ್ತಿಗೆ ಬರುವವರು. ಅಜ್ಜಿ ಪ್ರಾಯದಲ್ಲಿದ್ದಾಗ ಹಾಲಿನ ಟ್ಯಾಂಕರ್ ಓಡಿಸಿದವಳು. ಮಂಜುಗಟ್ಟಿದ ರಸ್ತೆಯಲ್ಲಿ ಅವಳು ತಿರುವು ತೆಗೆದುಕೊಳ್ಳುವುದನ್ನು ನೋಡಬೇಕು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಹಿಂದೆ ಕೂತವರ ಹೊಟ್ಟೆಯೊಳಗಿನ ಕಾಫಿ ಅಲುಗುವುದಿಲ್ಲ.

ಹಾಗಿದ್ದವಳು ನವೆಂಬರಿನ ಒಂದು ಸೋಮವಾರ ರಸ್ತೆಯ ಬದಿಗೆ ಕಾರು ನಿಲ್ಲಿಸಿ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು.

"ಕೈ ಹೋಯ್ತು ಸೈಮಿ," ಎಂದಳು.

"ಎಲ್ಲಿ ಹೋಯ್ತು? ಅಲ್ಲೇ ಇದೆಯಲ್ಲ," ಎಂದಳು ಸೈಮಿ.

"ನಡುಗ್ತಿದೆ."

"ಈಗ ನಡುಗ್ತಿಲ್ಲ."

"ಈಗ ಕಾರು ನಿಂತಿದೆ."

"ಕಾರೇ ನಡುಗ್ತಿರಬಹುದು ಅಜ್ಜಿ," ಎಂದು ನಾನು ಹಿಂದಿನಿಂದ ಹೇಳಿದೆ. ಅಜ್ಜಿ ಕನ್ನಡಿಯಲ್ಲಿ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. "ಕಾರು ಹೊಸದು, ಟೈರು ಹೊಸದು, ನಾನು ಹಳೇದು. ಕೆಟ್ಟಿರೋದು ಯಾವ್ದು ಅಂತ ಹೇಳೋಕೆ ಪಂಡಿತ ಬೇಕೇನೇ?"

ಹಾಲಿನ ಟ್ಯಾಂಕರ್ ಓಡಿಸಿದವಳಿಗೆ ಟಿಕೆಟ್ ಕೊಡುವವಳು ಏನು ಹೇಳುವುದು?

ನಮ್ಮ ಕಡೆ ಒಂದು ಮಾತಿದೆ: ಸೌನಾ, ಸಾರಾಯಿ, ಮರದ ಡಾಂಬರು, ಈ ಮೂರಕ್ಕೂ ಬಗ್ಗದ ರೋಗ ಗೋರಿಗೇ ಹೋಗುತ್ತದೆ. ಸಾರಾಯಿ ಕುಡಿದು ಕಾರು ಓಡಿಸುವ ಹಾಗಿಲ್ಲ. ಡಾಂಬರು ಹಚ್ಚಿಕೊಂಡರೆ ಈಜುಕೊಳಕ್ಕೆ ನಾನೇ ಬಿಡುವುದಿಲ್ಲ. ಉಳಿದದ್ದು ಸೌನಾ, ಕಾದ ಕಲ್ಲಿಗೆ ನೀರು ಸುರಿದು ಆವಿಯಲ್ಲಿ ಬೆವರುವ ಕೋಣೆ. ಅಜ್ಜಿಗೆ ಕೆರೆಯ ದಂಡೆಯಲ್ಲಿ ಒಂದು ಮರದ ಗುಡಿಸಲು, ಅದರ ಪಕ್ಕ ಕಟ್ಟಿಗೆ ಒಲೆಯ ಸೌನಾ ಇದೆ. ಮೊದಲಿಂದಲೂ ವಾರದ ಕೊನೆಗೆ ಹೋಗುವವಳೇ, ಈಗ ಔಷಧಿಯೆಂದು ಶನಿವಾರ ಮಧ್ಯಾಹ್ನ ಹೋಗುತ್ತಾಳೆ, ಎರಡು ದಿನ ಬೆವರುತ್ತಾಳೆ, ಬರ್ಚ್ ಮರದ ಸೊಪ್ಪಿನ ಕಟ್ಟಿನಿಂದ ಕೈಗೆ ಬಡಿದುಕೊಳ್ಳುತ್ತಾಳೆ, ಸೋಮವಾರ ಬೆಳಿಗ್ಗೆ ಅಲ್ಲಿಂದ ನೇರವಾಗಿ ನಮ್ಮನ್ನು ಹತ್ತಿಸಿಕೊಳ್ಳಲು ಬರುತ್ತಾಳೆ.

ಈಗ ಇದನ್ನು ಹೇಳಿಬಿಡುತ್ತೇನೆ, ನಮಗೆ ಆಮೇಲೆ ತಿಳಿದದ್ದು. ಆ ಗುಡಿಸಲಿಗೆ ಹೋಗುವ ಕಾಡಿನ ದಾರಿಯಲ್ಲಿ ಹಿಮ ತೆಗೆಯುವವರಿಲ್ಲ. ಅಜ್ಜಿ ಮೊಣಕಾಲುದ್ದದ ಹಿಮವನ್ನು ಕಾರಿನಿಂದಲೇ ಸೀಳಿಕೊಂಡು ಹೋಗುತ್ತಾಳೆ. ಆ ಹಿಮ ಚಕ್ರದ ಒಳಬದಿಗೆ ನುಗ್ಗಿ, ಗಾರೆ ಮೆತ್ತಿದ ಹಾಗೆ ಒಂದು ಪಕ್ಕಕ್ಕೆ ಅಂಟಿ, ರಾತ್ರಿ ಕಲ್ಲಾಗುತ್ತದೆ. ಚಕ್ರದ ಒಂದು ಕಡೆ ಭಾರ ಹೆಚ್ಚಾದರೆ ವೇಗದಲ್ಲಿ ಅದು ಕುಣಿಯುತ್ತದೆ, ಜೊತೆಗೆ ಸ್ಟೀರಿಂಗೂ ಕುಣಿಯುತ್ತದೆ. ಸೋಮವಾರ ಸಂಜೆ ಕಾರು ಮನೆಯ ಬಿಸಿ ಶೆಡ್ಡು ಸೇರಿದರೆ ಎಲ್ಲ ಕರಗಿ ನೀರು. ಬುಧವಾರ ಅಜ್ಜಿ ಅಂಗಡಿಗೆ ಹೊರಟಾಗ ನಡುಕ ಇಲ್ಲ.

ಅಜ್ಜಿ ಇದನ್ನು ಅರ್ಥ ಮಾಡಿಕೊಂಡ ರೀತಿಯೇ ಬೇರೆ. "ಸೌನಾ ರೋಗಾನ ಮೊದ್ಲು ಹೊರಗೆ ಎಳೆಯುತ್ತೆ, ಅದಕ್ಕೇ ಸೋಮವಾರ ಜಾಸ್ತಿ. ಬುಧವಾರದ ಹೊತ್ತಿಗೆ ವಾಸಿ. ನೋಡು, ಕೆಲ್ಸ ಮಾಡ್ತಿದೆ."

"ಮತ್ತೆ ಮುಂದಿನ ಸೋಮವಾರ ಯಾಕೆ ಬರುತ್ತೆ?" ಎಂದಳು ಸೈಮಿ.

"ಇನ್ನೂ ಒಳಗೆ ಉಳಿದಿದೆ ಅಂತ ಅರ್ಥ. ಇನ್ನೊಂದು ಸಲ ಕಾಯಿಸ್ಬೇಕು."

ಹೀಗೆ ಔಷಧಿ ಹೆಚ್ಚಾದಷ್ಟೂ ರೋಗ ಹೆಚ್ಚಾಯಿತು. ಚಕ್ರದೊಳಗೆ ಹಿಮ ಕೂರುವುದು ನಮ್ಮಲ್ಲಿ ಕಾರು ಓಡಿಸುವ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಕೈಯ ಕಾಯಿಲೆ ಎಂದು ಹೆಸರಿಟ್ಟಾದ ಮೇಲೆ ಚಕ್ರದ ಕಡೆ ಬಗ್ಗಿ ನೋಡುವವರು ಯಾರು?

ಇಷ್ಟೇ ಆಗಿದ್ದರೆ ಅಜ್ಜಿ ನಡುಗಿಕೊಂಡೇ ಚಳಿಗಾಲ ಕಳೆಯುತ್ತಿದ್ದಳು. ಆದರೆ ಅವಳ ಲೈಸೆನ್ಸ್ ಮುಗಿಯುವುದಕ್ಕೆ ಬಂದಿತ್ತು. ಆ ವಯಸ್ಸಿನಲ್ಲಿ ಡಾಕ್ಟರು ಒಪ್ಪಿದರೆ ಮಾತ್ರ ಹೊಸದು ಸಿಗುತ್ತದೆ. ಡಾಕ್ಟರು ಅವಳ ಕೈ ಹಿಡಿದು ನೋಡಿ, ಚೆನ್ನಾಗಿದೆ ಎಂದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಅಜ್ಜಿ ಸುಳ್ಳು ಹೇಳುವವಳಲ್ಲ, ಸುಮ್ಮನಿದ್ದು ಸುಳ್ಳಾಗುವವಳೂ ಅಲ್ಲ.

"ನಡುಗುತ್ತೆ," ಎಂದಳಂತೆ. "ಸೋಮವಾರ. ಎಪ್ಪತ್ತು ಕಿಲೋಮೀಟರ್ ಮೇಲೆ."

ಡಾಕ್ಟರು, ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸಿ ತೋರಿಸಿ, ಅವರು ಹೇಳಿದಂತೆ ಆಗಲಿ ಎಂದರು. ದಿನ ಗೊತ್ತಾಯಿತು. ಸೋಮವಾರವೇ.

ಕಾರು ಹೋದರೆ ಅಜ್ಜಿಗೆ ಏನು ಉಳಿಯುತ್ತದೆ ಎಂದು ನಾನು ಲೆಕ್ಕ ಹಾಕಲಿಲ್ಲ, ಹಾಕಲು ಮನಸ್ಸೂ ಬರಲಿಲ್ಲ. ಅವಳು ಬಸ್ಸಿನಲ್ಲಿ ಕೂತು ಇನ್ನೊಬ್ಬ ತಿರುವು ತೆಗೆದುಕೊಳ್ಳುವುದನ್ನು ನೋಡುವುದೇ? ಅವಳೂ ಹೆದರಿದ್ದಳು. ಅದಕ್ಕೇ ಆ ವಾರ ಶುಕ್ರವಾರವೇ ಗುಡಿಸಲಿಗೆ ಹೋದಳು. ಕಟ್ಟಿಗೆ ಸಾಲದೆ ಮತ್ತೆ ಊರಿಗೆ ಬಂದು ತುಂಬಿಕೊಂಡು ಹೋದಳು. ಅದೇ ಹಿಮದ ದಾರಿಯಲ್ಲಿ ಹೋಗಿ, ಬಂದು, ಹೋಗಿ.

ಪರೀಕ್ಷಕನ ಹೆಸರು ರಿಸ್ತೊ, ನಲವತ್ತರ ಆಸುಪಾಸಿನ ಸೌಮ್ಯ ಮನುಷ್ಯ. ಹಿಂದಿನ ಸೀಟಿನಲ್ಲಿ ಟವೆಲ್ ಹಿಡಿದು ಕೂತಿದ್ದ ಸೈಮಿಯನ್ನೂ ನನ್ನನ್ನೂ ನೋಡಿ ಅವನು ತಡವರಿಸಿದ.

"ಇವರು ಯಾರು?"

"ಪರೀಕ್ಷೆ ಪರೀಕ್ಷೆನೇ, ನೀರಿನ ಕಸರತ್ತು ನೀರಿನ ಕಸರತ್ತೇ," ಎಂದಳು ಅಜ್ಜಿ. "ಕೂತ್ಕೋ ಮರಿ, ಬೆಲ್ಟ್ ಹಾಕ್ಕೋ."

ಹಳ್ಳಿ ದಾಟುವವರೆಗೆ ಎಲ್ಲ ಸರಿ. ಹೆದ್ದಾರಿಗೆ ಬಂದೆವು. ಎಪ್ಪತ್ತು. ಅಜ್ಜಿಯ ಕೈ ನಡುಗಿತು. ಎಂಬತ್ತು. ಭುಜ ನಡುಗಿತು. ಅವಳ ಕನ್ನಡಕ ಮೂಗಿನ ತುದಿಗೆ ಜಾರಿತು. ಸೈಮಿ ಕಣ್ಣು ಮುಚ್ಚಿಕೊಂಡಳು.

"ನಿಲ್ಲಿಸಿ," ಎಂದ ರಿಸ್ತೊ ಮೆಲ್ಲಗೆ. ಅಜ್ಜಿ ನಿಲ್ಲಿಸಿದಳು. "ಹಿಲ್ಯಾ ಅವರೇ, ಬೇಜಾರು ಮಾಡ್ಕೋಬೇಡಿ. ಇಲ್ಲಿಂದ ಪೇಟೆವರೆಗೆ ನಾನೇ ಓಡಿಸ್ತೀನಿ."

ಅಜ್ಜಿ ಜಾಗ ಬದಲಾಯಿಸಿದಳು. ಅವಳು ಪಕ್ಕದ ಸೀಟಿನಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಚೀಲದ ಮೇಲೆ ಇಟ್ಟುಕೊಂಡಳು.

ರಿಸ್ತೊ ಹೊರಟ. ಎಪ್ಪತ್ತು. ಅವನ ಕೈ ನಡುಗಿತು. ಎಂಬತ್ತು. ಅವನ ಕೆನ್ನೆಯೂ ನಡುಗಿತು.

ಅಜ್ಜಿ ಅವನ ಕೈಯನ್ನೇ ನೋಡುತ್ತಿದ್ದಳು, ಬಹಳ ಕನಿಕರದಿಂದ.

"ಯಾವಾಗಿಂದ ಮರಿ?" ಎಂದಳು.

"ಏನು?"

"ಕೈ."

"ನಂಗೆ ಏನೂ ಇಲ್ಲ," ಎಂದ ರಿಸ್ತೊ, ಅವನ ದನಿಯೂ ನಡುಗುತ್ತಿತ್ತು.

"ನಾನೂ ಮೊದ್ಲು ಹಾಗೇ ಅಂದೆ. ಅಂಟುತ್ತೆ ಅಂತ ಗೊತ್ತಿರ್ಲಿಲ್ಲ. ಕ್ಷಮಿಸು. ಸೌನಾ ಮಾಡು, ಬುಧವಾರಕ್ಕೆ ಇಳಿಯುತ್ತೆ."

ರಿಸ್ತೊ ದಾರಿಯ ಪೆಟ್ರೋಲ್ ಬಂಕಿಗೆ ಕಾರು ತಿರುಗಿಸಿದ. ಅಲ್ಲಿನ ಕಾಫಿ ಮೇಜಿನಲ್ಲಿ ಅಂಚಿನವರೆಗೆ ತುಂಬಿದ ಕಪ್ಪು ಹಿಡಿದು ನೋಡಿದ. ಒಂದು ಹನಿ ಚೆಲ್ಲಲಿಲ್ಲ. ಅಜ್ಜಿ ಹಿಡಿದಳು, ಚೆಲ್ಲಲಿಲ್ಲ. ಸೈಮಿ ತಾನೂ ಹಿಡಿಯುತ್ತೇನೆ ಎಂದು ಹಿಡಿದಳು, ಏಲಕ್ಕಿ ಬನ್ನನ್ನೂ ತಿಂದಳು. ರಿಸ್ತೊನ ಮುಖ ಬಿಳಿಚಿಕೊಂಡಿತ್ತು. ಅವನ ಸಂಕಟ ನನಗೆ ಅರ್ಥವಾಯಿತು. ಅಜ್ಜಿ ಓಡಿಸಬಾರದು ಎಂದು ಹೇಳಿದರೆ ತಾನೂ ಓಡಿಸಬಾರದು. ತಾನು ಓಡಿಸಬಹುದು ಎಂದರೆ ಅಜ್ಜಿಯೂ ಓಡಿಸಬಹುದು.

ಪಕ್ಕದ ಮೇಜಿನಲ್ಲಿ ಎಸ್ಕೊ ಕೂತಿದ್ದ. ಅಜ್ಜಿಯ ಎದುರುಮನೆಯವನು, ದಿನಾ ಅಲ್ಲೇ ಕಾಫಿ ಕುಡಿಯುವವನು. ಇಷ್ಟೆಲ್ಲ ನಡೆದರೂ ಅವನು ತಲೆ ಎತ್ತಿರಲಿಲ್ಲ. ಅಜ್ಜಿ ಅವನ ಮುಂದೆ ಹೋಗಿ ನಿಂತಳು. ಅವಳು ಯಾರ ಬಳಿಯೂ ಏನನ್ನೂ ಕೇಳುವವಳಲ್ಲ. ಅವತ್ತು ಕೇಳಿದಳು.

"ಎಸ್ಕೊ, ನನ್ನ ಲೈಸೆನ್ಸ್ ಹೋಗುತ್ತೆ. ನಿಂಗೇನಾದ್ರೂ ಗೊತ್ತಾ?"

ಎಸ್ಕೊ ಕಾಫಿ ಮುಗಿಸಿ ಕಪ್ಪು ಕೆಳಗಿಟ್ಟ.

"ಚಕ್ರದೊಳಗೆ ಹಿಮ ಇದೆ."

"ಯಾರ ಚಕ್ರ?"

"ನಿಂದು."

"ಯಾವಾಗಿಂದ?"

"ನವೆಂಬರಿಂದ. ಸೋಮವಾರ ಸೋಮವಾರ ಸಂಜೆ ನಿನ್ನ ಗೇಟ್ ಹತ್ರ ನೋಡ್ತೀನಿ."

"ನೋಡ್ಕೊಂಡು ಸುಮ್ನಿದ್ದೆಯಾ?"

"ನೀನು ಕೇಳ್ಲಿಲ್ಲ," ಎಂದ ಎಸ್ಕೊ. "ಇನ್ನೊಬ್ಬರ ಚಕ್ರ. ನಿಂಗೆ ಹಾಗೇ ಇಷ್ಟ ಅಂದ್ಕೊಂಡೆ."

ಇದನ್ನು ಕೇಳಿ ಕೋಪ ಬರಬೇಕಾದದ್ದು ಅಜ್ಜಿಗೆ. ಅವಳಿಗೆ ಬರಲಿಲ್ಲ, ನ್ಯಾಯವಾದ ಮಾತು ಎನ್ನುವಂತೆ ತಲೆ ಆಡಿಸಿದಳು. ಕೋಪ ಬಂದದ್ದು ರಿಸ್ತೊಗೆ. ಅವನು ಹೊರಗೆ ಓಡಿ, ಕಾರಿನ ಗಾಜಿನ ಹಿಮ ಕೆರೆಯುವ ಪಟ್ಟಿ ತೆಗೆದುಕೊಂಡು ಹಿಮದಲ್ಲಿ ಮಂಡಿಯೂರಿ ಚಕ್ರದೊಳಗೆ ಬಡಿಯತೊಡಗಿದ. ಎಸ್ಕೊ ಒಂದು ಸೌದೆ ತುಂಡು ತಂದು ಇನ್ನೊಂದು ಚಕ್ರಕ್ಕೆ ಕೂತ. ಗಡ್ಡೆ ಗಡ್ಡೆ ಬಿತ್ತು. ಒಂದು ಗಡ್ಡೆ ಬ್ರೆಡ್ಡಿನಷ್ಟು ದಪ್ಪ ಇತ್ತು, ಸೈಮಿ ಅದನ್ನು ಎತ್ತಿ ತೂಗಿ ನೋಡಿ, "ಇಷ್ಟು ಕಾಯಿಲೆ," ಎಂದಳು.

ಮತ್ತೆ ಹೊರಟೆವು, ಅಜ್ಜಿಯೇ ಸ್ಟೀರಿಂಗ್ ಹಿಡಿದಳು. ಎಪ್ಪತ್ತು. ಎಂಬತ್ತು. ಕಾರು ತೊಟ್ಟಿಲಿನ ಹಾಗೆ ಹೋಯಿತು. ಈಜುಕೊಳದ ಮುಂದಿನ ಮಂಜುಗಟ್ಟಿದ ತಿರುವನ್ನು ಅವಳು ತೆಗೆದುಕೊಂಡ ಚೆಂದಕ್ಕೆ ರಿಸ್ತೊ ಬಾಗಿಲ ಹಿಡಿ ಬಿಟ್ಟು ಕೈ ಮಡಿಲಲ್ಲಿ ಇಟ್ಟುಕೊಂಡ.

"ಪಾಸು," ಎಂದ.

ಅಜ್ಜಿ ಇಂಜಿನ್ ಆರಿಸಲಿಲ್ಲ. "ಯಾವುದು ಪಾಸು? ನಡುಗಿದ್ದೋ, ನಡುಗದೇ ಇದ್ದದ್ದೋ? ಈಗ ಓಡಿದ್ದು ಎಸ್ಕೊ ಬಡಿದ ಕಾರು. ನನ್ನ ಕೈ ಅದೇ ಕೈ."

"ಅದೇ ಕೈಗೇ ಪಾಸು," ಎಂದ ರಿಸ್ತೊ. "ಅಷ್ಟು ನಡುಗುವಾಗಲೂ ನೀವು ಗೆರೆ ಬಿಟ್ಟು ಒಂದು ಇಂಚು ಆಚೀಚೆ ಹೋಗ್ಲಿಲ್ಲ. ನಾನು ಹೋದೆ."

"ನೀನು ಟ್ಯಾಂಕರ್ ಓಡಿಸಿಲ್ಲ," ಎಂದು ಅಜ್ಜಿ ಅವನನ್ನು ಸಮಾಧಾನ ಮಾಡಿದಳು. ಆಮೇಲೆ ಟವೆಲ್ ತೆಗೆದುಕೊಂಡು ನೀರಿಗೆ ಹೋದಳು. ಕಸರತ್ತು ಅರ್ಧ ಮುಗಿದಿತ್ತು.

ಲೈಸೆನ್ಸ್ ಬಂದಿದೆ. ನೀವು ನಮ್ಮ ಕಡೆ ಬಂದರೆ ದಯವಿಟ್ಟು ಅವಳನ್ನು ನೋಡಿ ಹೋಗಿ, ಸೋಮವಾರವೇ ಬನ್ನಿ. ಚರ್ಚಿನ ಹಿಂದಿನ ಬಸ್ ನಿಲ್ದಾಣದಲ್ಲಿ ನಿಂತರೆ ಸಾಕು, ಕೆಂಪು ಕಾರು ತಾನಾಗಿ ನಿಲ್ಲುತ್ತದೆ, ಎಲ್ಲಿಗೆ ಎಂದು ಅವಳು ಕೇಳುವುದಿಲ್ಲ. ನಾನು ನಡುವೆ ಸರಿದು ಕೂರುತ್ತೇನೆ. ನೀವು ಕಿಟಕಿಯ ಪಕ್ಕ ಕೂತು ಆ ತಿರುವು ನೋಡಿ.