ಗುಡಿಯ ನೆಲ, ಓಕ್ ಮರದ ಚಿಗುರು

ನಮ್ಮ ಬೆಟ್ಟದೂರು ಕೂಕಲ್ತೊರೈಯಲ್ಲಿ ನಾನು ಪಾಠ ಹೇಳಿದ ಶಾಲೆಗೆ ಎರಡು ಕಟ್ಟಡಗಳು. ಒಂದು ದಿಬ್ಬದ ಮೇಲೆ, ಮತ್ತೊಂದು ಎದುರಿನ ಇಳಿಜಾರಿನಲ್ಲಿ. ನಡುವೆ ನಮ್ಮ ಕುಲದೇವತೆ ಹೆತ್ತೆಯಮ್ಮನ ಗುಡಿಯ ಹುಲ್ಲುನೆಲ, ಅದರ ಪಕ್ಕಕ್ಕೆ ನನ್ನ ಚಹಾ ತೋಟ. ಎರಡು ಸಾವಿರದ ಇಸವಿಯ ಆಚೀಚೆಗೆ ಕಂಪ್ಯೂಟರುಗಳು ಬಂದಾಗ ಇಂಟರ್ನೆಟ್ ಸಂಪರ್ಕ ಮೇಲಿನ ಕಟ್ಟಡಕ್ಕೆ ಮಾತ್ರ ದೊರೆಯಿತು. ಅಲ್ಲಿಂದ ಕೆಳಕ್ಕೆ ಕಂಬಗಳ ಮೇಲೆ ಎಳೆದ ತಾಮ್ರದ ತಂತಿ ಎರಡು ಬಾರಿ ಸಿಡಿಲಿಗೆ ಸುಟ್ಟುಹೋಯಿತು. ಗುಡಿಯ ನೆಲವನ್ನೇ ಅಗೆದು ಕೇಬಲ್ ಹೂಳುವುದೆಂದು ಶಾಲಾ ಸಮಿತಿ ನಿಶ್ಚಯಿಸಿತು.

ಆ ನೆಲದಲ್ಲಿ ನಾವು ಚಪ್ಪಲಿ ಮೆಟ್ಟುವವರಲ್ಲ; ಗುದ್ದಲಿಯ ಮಾತಂತೂ ದೂರ. ಸಭೆಯಲ್ಲಿ ಎದ್ದು ನಿಂತು, ತಂತಿಯಿಲ್ಲದೆಯೇ ಈ ಕಾರ್ಯ ಸಾಧ್ಯ ಎಂದೆ. ದೀಪಾವಳಿಯವರೆಗೆ ಅವಕಾಶ ದೊರೆಯಿತು.

ವೈಶಾಖದಲ್ಲಿ ಎರಡೂ ಕಟ್ಟಡಗಳ ಮಾಡಿನ ಮೇಲೆ ಆಂಟೆನಾಗಳು ನಿಂತವು. ಒಂದು ಇನ್ನೊಂದಕ್ಕೆ ನೇರವಾಗಿ ಕಾಣಬೇಕು, ಅಷ್ಟೇ ನಿಯಮ. ಸಂಪರ್ಕ ಮೊದಲ ದಿನವೇ ಕೂಡಿತು. ಮಳೆಗಾಲ ಕಳೆಯುವಷ್ಟರಲ್ಲಿ ಕ್ಷೀಣಿಸಿ, ನಿಂತೇಹೋಯಿತು.

"ಏನ್ ಮಾಸ್ಟರ್, ನಿಮ್ಮ ಗಾಳಿತಂತಿ ಮಂಜಿಗೆ ಹೆದರಿ ಮುದುರಿಕೊಂಡಿತಾ?" ಎಂದರು ಸಮಿತಿಯ ಅಧ್ಯಕ್ಷರು. "ಗುದ್ದಲಿಗೆ ಹಿಡಿ ಹಾಕಿಸಿ ಆಗಿದೆ."

ಒಂದು ಬೆಳಿಗ್ಗೆ ಪೂಜೆ ಮುಗಿಸಿ ಮೇಲಿನ ಕಟ್ಟಡದ ಮಾಡಿಗೆ ಏಣಿ ಹತ್ತಿದೆ. ಆಕಾಶ ನಿರ್ಮಲ, ಮಂಜಿನ ಲವಲೇಶವಿಲ್ಲ. ಆದರೂ ಸಂಪರ್ಕವಿರಲಿಲ್ಲ. ಆಂಟೆನಾದ ನೇರಕ್ಕೆ ಕಣ್ಣಿಟ್ಟು ನೋಡಿದರೆ ಎದುರಿನ ಮಾಡು ಕಾಣದು; ಕಂಡದ್ದು ಸೊಂಪಾದ ಎಲೆಗಳು. ನನ್ನ ತೋಟದ ಮೂರು ಸಿಲ್ವರ್ ಓಕ್ ಮರಗಳು. ಮಳೆಗೆ ಮೊದಲು ನೆರಳುಮರಗಳ ಕೊಂಬೆ ಸವರುವುದು ನಮ್ಮ ಪದ್ಧತಿ. ಸವರಿದ ವಾರದಲ್ಲೇ, ಬಯಲಾದ ದಾರಿಯನ್ನು ನೋಡಿ, ಅದು ಸದಾ ಹಾಗೆಯೇ ಇರುವುದೆಂಬಂತೆ ಆಂಟೆನಾ ನಿಲ್ಲಿಸಿದ್ದೆವು. ಎಲೆ ಕೊಯ್ದೇ ಬದುಕುವ ನಮಗೆ ಚಿಗುರಿನ ನೆನಪೇ ಆಗಿರಲಿಲ್ಲ!

ಬರೀ ಸವರಿದರೆ ಮುಂದಿನ ಮಳೆಗೆ ಮತ್ತೆ ಇದೇ ಗತಿ, ಮೂರನ್ನೂ ಬುಡಕ್ಕೆ ಕಡಿಸುವೆನೆಂದಾಗ ಅಧ್ಯಕ್ಷರೇ ತಡೆದರು. "ನೆರಳಿಲ್ಲದೆ ಮಾರ್ಗಳಿ ಚಳಿಯ ಹಿಮಕ್ಕೆ ಆ ಚಹಾ ಸಾಲೆಲ್ಲ ಕರಟಿಹೋಗುತ್ತೆ, ಮಾಸ್ಟರ್."

"ಕರಟಲಿ. ಗಿಡ ಮತ್ತೆ ಚಿಗುರುತ್ತದೆ. ಅಗೆದ ಆ ನೆಲ ಮೊದಲಿನಂತಾಗದು."

ದೀಪಾವಳಿಗೆ ನಾಲ್ಕು ದಿನ ಮುಂಚೆ ಮರಗಳು ಉರುಳಿದವು. ಅಂದೇ ಮಧ್ಯಾಹ್ನ ಕೆಳಗಿನ ಕಟ್ಟಡದ ಪರದೆಯಲ್ಲಿ ಪುಟ ತೆರೆಯಿತು. ಅದನ್ನು ಕಣ್ಣಾರೆ ಕಾಣಲು ಅಧ್ಯಕ್ಷರು ದಿಬ್ಬದಿಂದ ಇಳಿದು ಬಂದರು. ಹುಲ್ಲಿನ ಅಂಚಿನಲ್ಲಿ ಚಪ್ಪಲಿ ಕಳಚಿ, ಗುಡಿಯ ಕಡೆಗೆ ಕೈಮುಗಿದು, ಬರಿಗಾಲಿನಲ್ಲಿ ಆ ನೆಲವನ್ನು ದಾಟಿದರು.